ಬಿಳಿ ಕೋಳಿಯ ನೆತ್ತಿಗೆ ಕುಂಕುಮ

ಕೋಳಿಗಳೆಲ್ಲ ಒಂದೇ ಸಲ ಸುಮ್ಮನಾದವು, ನೆಲ ಕೆದರುತ್ತಿದ್ದ ಕಾಲು ಎತ್ತಿದ ಹಾಗೇ ನಿಂತಿದೆ, ಒಂದೊಂದೂ ತಲೆ ಓರೆ ಮಾಡಿ ಒಂದೇ ಕಣ್ಣಲ್ಲಿ ಆಕಾಶ ನೋಡುತ್ತಿವೆ — ಹದ್ದು ಬಂದಿರಬೇಕು, ಪೇರಲ ಗಿಡದ ಆಚೆ ಎಲ್ಲೋ, ನನಗೆ ಕಾಣುವುದಿಲ್ಲ, ಬಚ್ಚಲ ಒಲೆಯ ಹೊಗೆ ಕಣ್ಣು ತುಂಬಿದೆ, ಹಸಿ ಕಟ್ಟಿಗೆ, ಅಣ್ಣನಿಗೆ ಎಷ್ಟು ಸಲ ಹೇಳಿದರೂ ಹಸಿ ಕಟ್ಟಿಗೆಯನ್ನೇ ಹಾಕಿಸಿಕೊಂಡು ಬರುತ್ತಾನೆ, ಕಚೇರಿಯಲ್ಲಿ ಇಪ್ಪತ್ತು ಜನರ ಮೇಲೆ ಸೂಪರಿಂಟೆಂಡೆಂಟ್ ಪ್ರಹ್ಲಾದರಾಯರು, ಕಟ್ಟಿಗೆ ಅಡ್ಡೆಯವನ ಮುಂದೆ ಬಾಯಿ ಏಳುವುದಿಲ್ಲ — ಹುಂಜ ಗಂಟಲಲ್ಲೇ ಒಂದು ದನಿ ಎಳೆದು ನಿಂತಿದ್ದಾನೆ, ಅವನು ಆ ದನಿ ಬಿಡುವವರೆಗೆ ಯಾರೂ ಅಲುಗುವುದಿಲ್ಲ, ಬಿಟ್ಟ, ಹೋಯಿತು ಹದ್ದು, ಮತ್ತೆ ಕೆದರು, ಮತ್ತೆ ಕುಕ್ಕು, ಏನೂ ಆಗದವರ ಹಾಗೆ. ಒಳಗೆ ಜಮಖಾನೆ ಹಾಸುತ್ತಿದ್ದಾರೆ, ಇವತ್ತು ಬಸುರಿ ಉಷಾಳ ಏಳನೇ ತಿಂಗಳ ಕುಬಸ, ಹಸಿರು ಸೀರೆ, ಹಸಿರು ಬಳೆ, ಹನ್ನೊಂದಕ್ಕೆ ಆರತಿ, ಸಿಕಂದರಾಬಾದಿನಿಂದ ಬೀಗರು ಆಗಲೇ ಬಂದು ಕೂತಿದ್ದಾರೆ, ಅವಳ ಅತ್ತೆ ಕೃಷ್ಣಾಬಾಯಿಯ ದನಿ ಕೇಳುತ್ತಿದೆ, ಆ ದನಿಗೆ ಗೋಡೆಯ ಪರಿವೆಯೇ ಇಲ್ಲ. ಉಷಾ ನನ್ನ ಅಣ್ಣನ ಮಗಳು, ನಾನೇ ಎರೆದು ಬೆಳೆಸಿದ ಕೂಸು, ಅವಳ ಕುಬಸಕ್ಕೆ ನನ್ನ ಪಾಲಿಗೆ ಬಂದ ಕೆಲಸ ಹಂಡೆಗೆ ಉರಿ ಹಾಕುವುದು, ಆಗಲಿ, ನೀರಾದರೂ ನಾನು ಕಾಯಿಸಿದ್ದು ಅವಳ ಮೈ ಮೇಲೆ ಬೀಳುತ್ತದೆ — ಬುಟ್ಟಿಯ ಕೆಳಗೆ ಮತ್ತೆ ಸದ್ದು, ಕೊರ್ ಎಂದು, ಸುಮ್ಮನಿರೇ, ಯಾರಾದರೂ ಕೇಳಿಸಿಕೊಂಡಾರು, ಗೋಣಿತಟ್ಟು ಇನ್ನಷ್ಟು ಎಳೆದು ಮುಚ್ಚುತ್ತೇನೆ, ಬುಧವಾರದಿಂದ ಇದೇ ಆಗಿದೆ ನನಗೆ.

ಹಿಂದಿನ ಖೋಲಿಯ ಜಯಮ್ಮನ ಕೋಳಿಗಳು ಇವು, ಆರು ಹೇಂಟೆ ಒಂದು ಹುಂಜ, ನಮ್ಮವಲ್ಲ, ಯಾರು ಬಂದರೂ ವೈನಿ, ಅಣ್ಣನ ಹೆಂಡತಿ, ಮೊದಲು ಹೇಳುವ ಮಾತು ಅದೇ, ನಮ್ಮವಲ್ಲರೀ, ಹಿಂದಿನ ಬಾಡಿಗೆಯಾಕೀವು, ನಮ್ಮ ಗೋದಾವರಿಗೆ ಸುಮ್ಮನ ಒಂದು ಹುಚ್ಚು, ಗೋದಾವರಿ ಎಂದರೆ ನಾನು. ಜಯಮ್ಮ ರಾಯಚೂರು ಕಡೆಯವಳು, ಸನತ್‌ನಗರದ ಬಲ್ಬಿನ ಕಾರ್ಖಾನೆಗೆ ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆ, ಅಮ್ಮಾರ, ಒಂಚೂರು ನೋಡ್ಕೋರಿ ಅಂದಿದ್ದಳು ನಾಲ್ಕು ವರ್ಷದ ಹಿಂದೆ, ನೋಡುವುದರಲ್ಲಿ ಏನು ಮೈಲಿಗೆ ಎಂದು ನೋಡಿದೆ, ಆಮೇಲೆ ನುಚ್ಚು ಹಾಕಿದೆ, ಆಮೇಲೆ ನೀರಿಟ್ಟೆ, ಮೊಟ್ಟೆ ಮಾತ್ರ ಮುಟ್ಟುವುದಿಲ್ಲ ಎಂದು ಖಡಾಖಂಡಿತ ಹೇಳಿದ್ದೆ, ತೆಂಗಿನ ಚಿಪ್ಪಿನಿಂದ ಉರುಳಿಸಿ ಉರುಳಿಸಿ ಅವಳ ಬುಟ್ಟಿಗೆ ಸೇರಿಸುತ್ತಿದ್ದೆ, ಒಂದು ದಿನ ಚಿಪ್ಪು ಸಿಗಲಿಲ್ಲ, ಕೈಯಲ್ಲೇ ಎತ್ತಿದೆ, ಬೆಚ್ಚಗಿತ್ತು, ಅಷ್ಟು ಬೆಚ್ಚಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತೆ, ಆಮೇಲೆ ಸ್ನಾನ ಮಾಡಿದೆ. ಕೋಳಿ ಮುಟ್ಟಿದರೆ ಸ್ನಾನ, ವೈನಿಯ ಕಾನೂನು, ದಿನಕ್ಕೆ ಮೂರು ಸ್ನಾನ ಆದರೂ ಚಿಂತೆಯಿಲ್ಲ, ಮೈಲಿಗೆಯಲ್ಲಿದ್ದೇನೆ ಎಂದರೆ ಹಿತ್ತಿಲಲ್ಲೇ ಇರಬಹುದು, ಯಾರೂ ಕರೆಯುವುದಿಲ್ಲ, ಈ ಮನೆಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ನನಗೆ ಸಿಕ್ಕ ಒಂದೇ ರಜೆ ಅದು.

ಮತ್ತೆ ಏನು ಶಿಸ್ತು ಇವುಗಳದ್ದು, ನಮ್ಮ ಮನೆಯಲ್ಲೂ ಇಷ್ಟು ಇಲ್ಲ, ನುಚ್ಚು ಚೆಲ್ಲಿದರೆ ಮೊದಲು ಕರಿ ಹೇಂಟೆ, ಅದರದ್ದು ಆಗುವವರೆಗೆ ಉಳಿದವು ಸುತ್ತ ನಿಂತು ನೆಲ ಕೆದರುತ್ತ ತಮಗೆ ಹಸಿವೇ ಇಲ್ಲ ಎನ್ನುವ ನಾಟಕ, ಆಮೇಲೆ ಕಂದು ಬಣ್ಣದವೆರಡು, ಆಮೇಲೆ ಚುಕ್ಕೆಯದು, ಆಮೇಲೆ ಬೋಳು ಕುತ್ತಿಗೆಯದು, ಎಲ್ಲರದೂ ಆದ ಮೇಲೆ ಬಿಳಿಯದು, ಅದು ಬರುವ ಹೊತ್ತಿಗೆ ಇರುವುದು ಬರೀ ಮಣ್ಣು. ಸಾಲು ತಪ್ಪಿದರೆ ಕರಿಯದು ಓಡಿ ಬಂದು ಒಂದೇ ಒಂದು ಕುಕ್ಕು, ನೆತ್ತಿಯ ಮೇಲೆ, ಅಷ್ಟೆ, ಜಗಳವಿಲ್ಲ ಬೈಗುಳವಿಲ್ಲ, ಬಿಳಿಯದು ತಲೆ ತಗ್ಗಿಸಿ ಹಿಂದೆ ಸರಿಯುತ್ತದೆ, ಸಂಜೆ ಗೂಡಿಗೆ ಹೋಗುವಾಗಲೂ ಕರಿಯದಕ್ಕೆ ನಡುವಿನ ಬೆಚ್ಚಗಿನ ಜಾಗ, ಬಿಳಿಯದು ಬಾಗಿಲ ಹತ್ತಿರ, ಗಾಳಿಗೆ. ಹುಂಜನೊಬ್ಬ ಪರವಾಗಿಲ್ಲ, ಹುಳ ಸಿಕ್ಕರೆ ತಾನು ನುಂಗುವುದಿಲ್ಲ, ಟುಕ್ ಟುಕ್ ಎಂದು ಕರೆದು, ಕೊಕ್ಕಿನಲ್ಲಿ ಎತ್ತಿ ತೋರಿಸಿ ನೆಲಕ್ಕೆ ಹಾಕಿ, ಬಂದವಳಿಗೆ ಬಿಟ್ಟುಕೊಡುತ್ತಾನೆ, ಅದೆಷ್ಟು ಮರ್ಯಾದೆ ಎಂದು ಮೊದಲ ವರ್ಷ ನಾನು ಬೆರಗಾಗಿದ್ದೆ, ಆಮೇಲೆ ಗೊತ್ತಾಯಿತು, ಹುಳ ಇಲ್ಲದಿದ್ದರೂ ಕರೆಯುತ್ತಾನೆ, ಕಡ್ಡಿ ಎತ್ತಿ ತೋರಿಸುತ್ತಾನೆ, ಅವು ನಂಬಿ ಓಡುತ್ತವೆ, ನಗು ಬಂದಿತ್ತು. ನಾನು ಬಿಳಿಯದಕ್ಕೆ ಬೇರೆ ಹಾಕುತ್ತಿದ್ದೆ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಮರೆಯಲ್ಲಿ, ಅಂಗೈಯಿಂದಲೇ ತಿನ್ನುತ್ತಿತ್ತು, ಅಂಗೈಗೆ ಅದರ ಕೊಕ್ಕು ತಾಗಿದರೆ ನೋವಾಗುವುದಿಲ್ಲ, ಕಚಗುಳಿ. ಅದಕ್ಕೇ ಹೀಗಾಯಿತು.

ಬುಧವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ, ಬಳೆ ಆರಿಸಲು ವೈನಿ ಉಷಾಳನ್ನು ಕರೆದುಕೊಂಡು ಮೆಹದಿಪಟ್ಟಣಂ ಪೇಟೆಗೆ ಹೋಗಿದ್ದಳು, ಅಣ್ಣ ಕಚೇರಿಗೆ, ದೇವರ ಮನೆ ಒರೆಸುತ್ತ ಒರೆಸುತ್ತ ಕುಂಕುಮದ ಭರಣಿಯ ಮುಚ್ಚಳ ತೆಗೆದೆ — ಯಾಕೆ ತೆಗೆದೆ, ಉಷಾ ತಲೆಯಲ್ಲಿ ತುಂಬಿ ಹೋಗಿದ್ದಳು, ಬಂದವಳೇ ಸೋಮವಾರ ನನ್ನ ಹಾಸಿಗೆಯ ಮೇಲೆ ಕೂತು ಹೇಳಿದ್ದು, ಅತ್ಯಾ, ಶುಕ್ರವಾರ ನನಗ ಮೊದಲ ಕುಂಕುಮಾ ನೀ ಹಚ್ಚಬೇಕು, ನೀ ಹಚ್ಚಲಿಲ್ಲಾಂದ್ರ ನಾ ಮಣಿ ಮ್ಯಾಲೆ ಕೂಡೂದಿಲ್ಲ ನೋಡು, ಹುಚ್ಚಿ ಏನರೆ ಮಾತಾಡ್ತಿ, ಹುಚ್ಚಲ್ಲ ಅತ್ಯಾ, ಖರೇನ ಹೇಳ್ತೀನಿ. ನಾನು ಬೈದೆ, ಬೈದು ಎದ್ದು ಹೋದೆ, ಆದರೆ ಬೆರಳು ಕೇಳಬೇಕಲ್ಲ, ಎರಡು ದಿನ ಬಲಗೈಯ ಉಂಗುರ ಬೆರಳು ತುರಿಸುತ್ತಲೇ ಇತ್ತು, ಭರಣಿ ತೆಗೆದರೆ ಆ ವಾಸನೆ, ಇಪ್ಪತ್ತೆರಡು ವರ್ಷ ನಾನು ಆ ಭರಣಿ ತೊಳೆದಿದ್ದೇನೆ, ತುಂಬಿಸಿದ್ದೇನೆ, ಬೆರಳು ಅದ್ದಿರಲಿಲ್ಲ. ಅದ್ದಿದೆ. ಯಾರಿಗೆ ಹಚ್ಚುವುದು, ಕನ್ನಡಿಯ ಮುಂದೆ ಹೋಗಿ ನನಗೇ ಹಚ್ಚಿಕೊಳ್ಳುವ ಧೈರ್ಯ ಇಲ್ಲ, ಸುಳ್ಳು ಯಾಕೆ, ಕನ್ನಡಿಯವರೆಗೆ ಹೋದೆ, ತಿರುಗಿ ಬಂದೆ, ಹಿತ್ತಿಲ ಬಾಗಿಲಲ್ಲಿ ಬಿಳಿಯದು ನಿಂತಿತ್ತು, ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಬರಲೇನು ಎನ್ನುವ ಹಾಗೆ. ಬಾ ಮಾರಾಯ್ತಿ, ನಿನಗೂ ಯಾರೂ ಇಲ್ಲ ನನಗೂ ಯಾರೂ ಇಲ್ಲ, ತೊಡೆಯ ಮೇಲೆ ಕೂರಿಸಿಕೊಂಡೆ, ಜುಟ್ಟಿನ ಹಿಂದೆ ಬಿಳಿ ಪುಕ್ಕ ಸರಿಸಿ ಕೊಬ್ಬರಿ ಎಣ್ಣೆಯ ಒಂದು ಹನಿ, ಅದರ ಮೇಲೆ ಕುಂಕುಮ, ಬೈತಲೆಗೆ ಹಚ್ಚುವ ಹಾಗೆ, ಎಣ್ಣೆಗೆ ಹರಡಿ ಕುತ್ತಿಗೆಯವರೆಗೆ ಕೆಂಪಾಯಿತು, ಎರಡು ಕಾಳು ಅಕ್ಷತೆ ಹಾಕಿದೆ, ಅದು ಅಕ್ಷತೆಯನ್ನೇ ತಿಂದಿತು, ನಕ್ಕೆ, ಒಬ್ಬಳೇ ಗಟ್ಟಿಯಾಗಿ ನಕ್ಕೆ, ಎಷ್ಟು ಚಂದ ಕಂಡಿತು ಎಂದರೆ ಇನ್ನೊಂದು ಸಲ ನೋಡಿದೆ, ಆಮೇಲೆ ಅಂಗಳಕ್ಕೆ ಬಿಟ್ಟು ಸ್ನಾನಕ್ಕೆ ಹೋದೆ.

ಸ್ನಾನ ಮಾಡುವಷ್ಟು ಹೊತ್ತು, ಅಷ್ಟೇ, ಹತ್ತು ನಿಮಿಷ, ಬಚ್ಚಲ ಬಾಗಿಲು ತೆಗೆದರೆ ಐದೂ ಅದರ ಸುತ್ತ ಗುಂಪು ಕಟ್ಟಿದ್ದವು, ಯಾವತ್ತೂ ಹಾಗಾಗಿಲ್ಲ, ಒಂದೇ ಕುಕ್ಕಿಗೆ ಮುಗಿಸುವ ಕರಿಯದು ಬಿಡದೆ ಕುಕ್ಕುತ್ತಿತ್ತು, ಕರಿಯದರ ನಂತರ ಕಂದಿನವು, ಬೋಳು ಕುತ್ತಿಗೆಯದು ಕೂಡ, ಯಾವತ್ತೂ ಯಾರ ತಂಟೆಗೂ ಹೋಗದ ಅದು ಕೂಡ, ಬಿಳಿಯದು ಗೋಡೆಯ ಮೂಲೆಯಲ್ಲಿ ತಲೆ ತೂರಿಸಿ ಕೂತಿತ್ತು, ಕೂಗಲೂ ಇಲ್ಲ, ಕೂಗಿದ್ದರೆ ನನಗೆ ಕೇಳುತ್ತಿತ್ತು, ಬಕೆಟ್ಟು ಎಸೆದೆ, ಹೋ ಎಂದೆ, ಎತ್ತಿಕೊಂಡೆ, ನೆತ್ತಿಯ ಪುಕ್ಕ ಹೋಗಿ ತೊಗಲು ಕಿತ್ತು ರಕ್ತ, ಕುಂಕುಮ ಯಾವುದು ರಕ್ತ ಯಾವುದು ತಿಳಿಯಲಿಲ್ಲ. ಬಚ್ಚಲ ಹಿಂದೆ ಕಟ್ಟಿಗೆಯ ಸಂದಿಯಲ್ಲಿ ಬುಟ್ಟಿ ಡಬ್ಬು ಹಾಕಿ ಮುಚ್ಚಿದೆ, ಸಂಜೆ ಜಯಮ್ಮ ಕೇಳಿದರೆ ಬಿಳೀದು ಕಾವಿಗೆ ಕೂತದ, ಮುಟ್ಟಬ್ಯಾಡ ಅಂದೆ, ಎಷ್ಟು ಸಲೀಸಾಗಿ ಬಂತು ಸುಳ್ಳು. ನನ್ನ ಕೈ, ಬೇರೇನೂ ಅಲ್ಲ, ಇದೇ ಕೈ, ಇದೇ ಬೆರಳು, ಯಾರೋ ಹೇಳಿದ್ದಲ್ಲ, ನಾನೇ ಕಣ್ಣಾರೆ ನೋಡಿದೆ, ಮೂರು ವರ್ಷದಿಂದ ಹೇಗೋ ಬದುಕಿಕೊಂಡಿದ್ದ ಜೀವಕ್ಕೆ ನಾನು ಕುಂಕುಮ ಹಚ್ಚಿದ್ದೇ ಹತ್ತು ನಿಮಿಷದಲ್ಲಿ ಹೀಗಾಯಿತು, ಇನ್ನು ಉಷಾಗೆ — ಬೇಡ, ಆ ಮಾತು ಮನಸ್ಸಿನಲ್ಲೂ ಬೇಡ. ಗೋಣಿತಟ್ಟು ಸರಿಸಿ ನೋಡುತ್ತೇನೆ, ನೀರು ಕುಡಿದಿಲ್ಲ, ಒಂದು ಕಣ್ಣು ಊದಿ ಮುಚ್ಚಿದೆ, ಇನ್ನೊಂದು ನನ್ನನ್ನೇ ನೋಡುತ್ತಿದೆ.

ಗೋದಾ, ನೀರು ಕಾದಾವೇನ — ವೈನಿ, ಬಾಗಿಲಲ್ಲಿ, ರೇಶಿಮೆ ಸೀರೆ ಎತ್ತಿ ಹಿಡಿದುಕೊಂಡು, ಕಾದಾವ ವೈನಿ, ಎಣ್ಣಿ ಹಚ್ಚೂದು ಆತು, ಈಗ ಕಳಸ್ತೀನಿ ಆಕೀನ್ನ, ಮತ್ತ ನೋಡವಾ, ಆರತಿ ಆಗೂ ತನಕಾ ನೀ ಒಳಗ ಬರಬ್ಯಾಡ, ನನ್ನ ಮನಸಿನ್ಯಾಗ ಏನೂ ಇಲ್ಲ, ನಿನಗ ಗೊತ್ತದ, ಕೃಷ್ಣಾಬಾಯಿಯವರು ಭಾಳ ಕಟ್ಟುನಿಟ್ಟು, ಹೋದ ಸಲದ್ದು ಬ್ಯಾರೆ ಆಗಿ ಕೂತದ, ನನಗ ತಿಳೀತದ ವೈನಿ, ಬೇಸರ ಮಾಡಿಕೋಬ್ಯಾಡ, ಇಲ್ಲ ವೈನಿ, ಹೋಳಿಗಿ ನಿನಗ ಮೊದಲ ತೆಗೆದಿಟ್ಟೀನಿ, ಹೂಂ ವೈನಿ. ಹೋದಳು. ಕೆಟ್ಟವಳಲ್ಲ ಸುಹಾಸಿನಿ ವೈನಿ, ಕೆಟ್ಟವಳಾಗಿದ್ದರೆ ಎಷ್ಟು ಸುಲಭ ಇತ್ತು, ಒಂದು ಜಗಳ ಆಡಿ ಕೈ ತೊಳೆದುಕೊಳ್ಳಬಹುದಿತ್ತು. ಹೋದ ಸಲದ್ದು ಎಂದರೆ ಹೋದ ವರ್ಷ, ಐದನೇ ತಿಂಗಳಲ್ಲಿ ಸದ್ದಿಲ್ಲದೆ ಮಾಡುವ ಕಳ್ಳಕುಬಸ ಮಾಡಿದ್ದರು, ಅದಾಗಿ ಎರಡು ವಾರಕ್ಕೆ ಬಸಿರು ಹೋಯಿತು, ಆಸ್ಪತ್ರೆಯ ವರಾಂಡದಲ್ಲಿ ನಿಂತು ಕೃಷ್ಣಾಬಾಯಿ ವೈನಿಯನ್ನು ಕೇಳಿದ್ದು ನನಗೂ ಕೇಳಿಸಿತು, ನಿಮ್ಮನ್ಯಾಗ ಇದ್ದಾಗ ಹುಡುಗಿ ಮುಂಜಾನೆ ಎದ್ದು ಯಾರ ಮುಖಾ ನೋಡತಿದ್ಲು ಸುಹಾಸಿನಿಬಾಯಿ. ವೈನಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಯಾರ ಮುಖ ನೋಡುತ್ತಿದ್ದಳು, ನನ್ನದೇ, ಹುಟ್ಟಿದಾಗಿನಿಂದ ನನ್ನದೇ, ಆಂಧ್ರಪ್ರದೇಶ ಆದ ವರ್ಷ ಅಣ್ಣನ ಕಚೇರಿ ಇಲ್ಲೇ ಉಳಿಯಿತು, ಅದೇ ವರ್ಷ ನಾನು ಗುಲಬರ್ಗಾದಿಂದ ಒಂದು ಟ್ರಂಕು ಹಿಡಿದು ಬಂದೆ, ಇಪ್ಪತ್ತನಾಲ್ಕು ವರ್ಷ ನನಗೆ, ಹಣೆ ಆಗಲೇ ಖಾಲಿ, ಮರುವರ್ಷ ಉಷಾ ಹುಟ್ಟಿದಳು, ವೈನಿಗೆ ಬಾಣಂತಿ ಜ್ವರ ಬಿಡಲಿಲ್ಲ ಮೂರು ತಿಂಗಳು, ಕೂಸನ್ನು ನನ್ನ ಪಕ್ಕದಲ್ಲಿ ಹಾಕಿದರು, ಆಗ ಯಾರಿಗೂ ನನ್ನ ಮುಖದ ನೆನಪಾಗಲಿಲ್ಲ.

ಉರಿ ಇಳಿಯುತ್ತಿದೆ, ಎರಡು ಕಟ್ಟಿಗೆ ತಳ್ಳುತ್ತೇನೆ, ಬೂದಿಯ ಗುಂಡಿಯಲ್ಲಿ ಚುಕ್ಕೆಯದು ಮೈ ಹೊರಳಾಡಿಸುತ್ತಿದೆ, ರೆಕ್ಕೆಯಿಂದ ಬೂದಿ ಬೆನ್ನಿಗೆ ಎರಚಿಕೊಂಡು ಕಣ್ಣು ಮುಚ್ಚಿ ಸುಖಪಡುತ್ತಿದೆ, ಅವಕ್ಕೆ ಅದೇ ಸ್ನಾನ — ಆ ಕರಿಯದು ಬುಟ್ಟಿಯ ಕಡೆ ಹೋಗುತ್ತಿದೆ, ಹೋಗು ಆಚೆ, ಹಚಾ, ವಾಸನೆಯೋ ಏನೋ, ಎರಡು ದಿನದಿಂದ ಅದೇ ಕಡೆ ಸುಳಿಯುತ್ತದೆ, ಇವತ್ತು ಬೆಳಗ್ಗೆ ಬುಟ್ಟಿಯ ಸಂದಿನಿಂದ ಕೊಕ್ಕು ಹಾಕಿತ್ತು. ಗೇಟಿನ ಸದ್ದು, ಜಯಮ್ಮ, ಇಷ್ಟು ಹೊತ್ತಿಗೆ ಯಾಕೆ, ಅರ್ಧ ದಿನ ರಜಾ ಹಾಕೀನ್ರಿ ಅಮ್ಮಾರ, ಉಷಾ ಪಾಪನ ಕಾರ್ಯ, ಭಾಂಡೆ ತಿಕ್ಕಾಕ ಯಾರು ಅದಾರ, ಅನ್ನುತ್ತ ಅನ್ನುತ್ತ ಟಿಫನ್ ಡಬ್ಬಿ ಇಟ್ಟು ಸೀದಾ ಕಟ್ಟಿಗೆಯ ಹಿಂದೆ ಹೋದಳು, ಎಲ್ಲಿ ಕಾವಿಗೆ ಕುಂತೈತಿ ಎಷ್ಟ್ ತತ್ತಿ ಇಟ್ಟೀರಿ ನೋಡ್ತೀನಿ, ಬೇಡ ಜಯಮ್ಮ, ಬೇಡ ಅನ್ನುವಷ್ಟರಲ್ಲಿ ಬುಟ್ಟಿ ಎತ್ತಿದ್ದಳು. ಅಯ್ಯೋ ಅಯ್ಯಯ್ಯೋ ಏನಾಗೈತ್ರಿ ಇದಕ, ನಾಯಿನಾ, ಬೆಕ್ಕಾ, ಅವಳು ಅದನ್ನು ಕಂಕುಳಲ್ಲಿ ಹಿಡಿದು ಪುಕ್ಕ ಬಿಡಿಸಿ ಬಿಡಿಸಿ ನೋಡಿದಳು, ಬೆರಳಿಗೆ ಎಣ್ಣೆ ಜಿಡ್ಡು, ಮೂಸಿ ನೋಡಿದಳು, ನನ್ನ ಮುಖ ನೋಡಿದಳು. ಕುಂಕುಮ ಅಲ್ಲೇನ್ರಿ ಇದು. ನಾನು ಕಟ್ಟಿಗೆ ಹಿಡಿದುಕೊಂಡು ನಿಂತಿದ್ದೆ.

ನಿಮಗ ಯಾರು ಹೇಳ್ಯಾರ್ರಿ ಕೋಳಿಗೆ ಕೆಂಪು ಹಚ್ಚಂತ — ಜಯಮ್ಮ ಬೈಯಲಿಲ್ಲ, ನಕ್ಕಳು, ನಗುತ್ತಲೇ ಅರಿಶಿನ ತಾರ್ರಿ ಅಂದಳು, ತಂದೆ, ಹರಳೆಣ್ಣೆಯಲ್ಲಿ ಕಲಸಿ ಗಾಯಕ್ಕೆ ಮೆತ್ತಿದಳು, ಎರುಪು ಕನಪಡ್ತೆ ಪೊಡುಸ್ತಾಯಮ್ಮಾ, ಅವಳಿಗೆ ಜೋರು ಬಂದಾಗ ತೆಲುಗೇ ಬರುತ್ತದೆ, ಕೆಂಪು ಕಂಡ್ರ ಸಾಕು ಕುಕ್ಕತಾವ್ರಿ, ರಕ್ತ ಅನ್ಕೊಂತಾವ, ಒಂದು ಸುರು ಮಾಡಿದ್ರ ಎಲ್ಲಾವೂ ಬರ್ತಾವ, ಕುಕ್ಕಿದಂಗ ಖರೇನ ರಕ್ತ ಬರತೈತಿ, ಮತ್ತ ಕುಕ್ಕತಾವ, ಸಾಯೂ ತನಕ ಬಿಡಂಗಿಲ್ಲ, ನಮ್ಮ ಊರಾಗ ಸಣ್ಣ ಹುಡುಗರಿಗೂ ಗೊತ್ತೈತಿ ಇದು, ನೀವು ಆಕಳಿಗೆ ಹಚ್ಚಿದಂಗ ಹಚ್ಚಿರೇನು, ಅರಿಶಿನ ಹಚ್ರಿ, ಬೂದಿ ಹಚ್ರಿ, ಏನೂ ಮಾಡಂಗಿಲ್ಲ. ಯಾರು ಹಚ್ಚಿದರೂ ಹಾಗೇ ಆಗುತ್ತದೇನು, ಕೇಳಿಯೇ ಬಿಟ್ಟೆ, ಯಾರು ಹಚ್ಚಿದ್ರೂನು? ಯಾರ್ ಹಚ್ಚಿದ್ರೇನ್ರಿ, ದೇವರ ಬಂದು ಹಚ್ಚಲಿ, ಕೋಳಿಗೇನ್ ಗೊತ್ತು ಯಾರ ಕೈ ಅಂತ, ಕೆಂಪು ಕಂಡ್ರ ಮುಗೀತು. ಅವಳು ಸುಮ್ಮನೆ ಹೇಳಿದಳು, ಪಾತ್ರೆ ಎಲ್ಲಿವೆ ಎಂದು ಕೇಳುವಷ್ಟೇ ಸುಮ್ಮನೆ, ಕೋಳಿಯನ್ನು ತನ್ನ ಖೋಲಿಯೊಳಗೆ ಬಿಟ್ಟು ಬಾಗಿಲು ಹಾಕಿ ಬಂದು ನಲ್ಲಿಯ ಕೆಳಗೆ ಕೂತಳು, ನಾನು ಒಲೆಯ ಮುಂದೆ ಕೂತೆ, ಅಳು ಬಂದಿತು, ಹೊಗೆ ಇತ್ತು, ಒಳ್ಳೆಯದಾಯಿತು. ಕೈ ಅಲ್ಲ. ಕೆಂಪು. ಎರಡು ದಿನ ಈ ಕೈಯನ್ನು ಬೈದೆ, ಎರಡು ದಿನವೇ, ಇಪ್ಪತ್ತೆರಡು ವರ್ಷ — ಆದರೂ ಒಳಗೊಂದು ಹುಳ ಕೊರೆಯುತ್ತಲೇ ಇದೆ, ಜಯಮ್ಮ ಕೋಳಿಯ ಮಾತು ಹೇಳಿದಳು, ಮನುಷ್ಯರದ್ದು ಹೇಳಲಿಲ್ಲ, ಏನಾದರೂ ಆದರೆ, ಈ ಸಲವೂ ಆದರೆ, ನನ್ನನ್ನು ಯಾರೂ ಬೈಯಬೇಕಾಗಿಲ್ಲ, ನಾನೇ ಬದುಕುವುದಿಲ್ಲ.

ಬಚ್ಚಲಲ್ಲಿ ನೀರಿನ ಸದ್ದು, ಉಷಾ ಬಂದಿದ್ದಾಳೆ, ವೈನಿ ಎರೆಯುತ್ತಿದ್ದಾಳೆ, ಅಮ್ಮಾ ಸುಡಾಕಹತ್ತದ, ಚಿಕ್ಕವಳಿದ್ದಾಗಲೂ ಹೀಗೇ, ಕೂಗಿ ಓಣಿಯನ್ನೆಲ್ಲ ಒಂದು ಮಾಡುತ್ತಿದ್ದಳು, ಕಾಲ ಮೇಲೆ ಮಲಗಿಸಿಕೊಂಡು ನಾನು ಎರೆದರೆ ಮಾತ್ರ ಸುಮ್ಮನೆ, ಈಗ ಹೊಟ್ಟೆ ಮುಂದೆ ಮಾಡಿಕೊಂಡು ಬಂದಿದ್ದಾಳೆ, ಒಳಗಿನದು ಒದೆಯುತ್ತದಂತೆ, ನನ್ನ ಕೈ ಹಿಡಿದು ಇಟ್ಟುಕೊಂಡಿದ್ದಳು ಸೋಮವಾರ, ನಾನು ಎಳೆದುಕೊಂಡೆ. ಮುಗಿಯಿತು ಸ್ನಾನ, ನಾ ಸೀರಿ ತರತೀನಿ ತಡಿ, ವೈನಿಯ ಹೆಜ್ಜೆ ಒಳಗೆ ಹೋಯಿತು, ಬಚ್ಚಲ ಬಾಗಿಲು ತೆರೆಯಿತು, ಉಷಾ, ಹಳೆಯ ಸೀರೆ ಸುತ್ತಿಕೊಂಡು, ಕೂದಲಿಗೆ ಕಟ್ಟಿದ ಟಾವೆಲ್ಲಿನಿಂದ ನೀರು ಸೋರುತ್ತ, ಕೋಳಿಗಳ ನಡುವೆ ಬರಿಗಾಲಲ್ಲಿ ನಡೆದು ನನ್ನ ಮುಂದೆ ಬಂದಳು, ಒಗೆಯುವ ಕಲ್ಲಿನ ಮೇಲೆ ಕೂತಳು, ಕೂರಲು ಈಗ ಅವಳಿಗೆ ಕಷ್ಟ, ಕೈ ಊರಿ ಕೂರಬೇಕು, ಸೆರಗಿನ ಗಂಟು ಬಿಚ್ಚಿ ಭರಣಿ ತೆಗೆದಳು. ಹಚ್ಚು ಅತ್ಯಾ. ಹುಚ್ಚಿ, ಒಳಗ ಹೋಗು, ನಿಮ್ಮವ್ವ ಬರ್ತಾಳ. ಬರಲಿ. ಬ್ಯಾಡ ಉಷಾ, ನನ್ನ ಮಾತ ಕೇಳು, ನಾ ಬುಧವಾರ — ಹೇಳಿಬಿಟ್ಟೆ, ಬಿಳಿಯದು, ಎಣ್ಣೆ, ಕುಂಕುಮ, ಹತ್ತು ನಿಮಿಷ, ಎಲ್ಲ, ಅವಳು ಕಣ್ಣು ಅಗಲಿಸಿ ಕೇಳಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕೋಳಿಗೆ ಮೊದಲ ಹಚ್ಚಿದೇನ, ನನಗಿಂತ ಮೊದಲ, ನಕ್ಕು ನಕ್ಕು ಕಣ್ಣಲ್ಲಿ ನೀರು, ನೀರು ಬಂದ ಮೇಲೆ ನಗು ನಿಂತಿತು. ಅತ್ಯಾ, ಹೋದ ಸಲ ಎಲ್ಲಾರೂ ಹಚ್ಚಿದ್ರು, ನೀ ಒಬ್ಬಾಕಿ ಹಚ್ಚಲಿಲ್ಲ. ಉಳೀತೇನು?

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ, ನಲ್ಲಿಯ ಕೆಳಗೆ ಜಯಮ್ಮನ ಕೈ ನಿಂತಿತು, ಅವಳು ಕತ್ತೆತ್ತಿ ನೋಡಲಿಲ್ಲ, ಆದರೆ ನಿಂತಿತು. ನನಗ ಅಂಜಿಕಿ ಆಗ್ತದ ಅತ್ಯಾ, ಉಷಾ ಈಗ ಸಣ್ಣ ದನಿಯಲ್ಲಿ, ರಾತ್ರಿ ನಿದ್ದಿ ಬರೂದಿಲ್ಲ, ಒದೀಲಿಲ್ಲಾಂದ್ರ ಅಂಜಿಕಿ, ಒದ್ರೂ ಅಂಜಿಕಿ, ಒಳಗ ಕೂತವರು ಎಲ್ಲಾರೂ ನನ್ನ ಹೊಟ್ಟೀನ ನೋಡತಾರ, ನೀ ಒಬ್ಬಾಕಿ ನನ್ನ ನೋಡತಿ. ನನ್ನ ಕೈಗೆ ಮಸಿ ಇದೆ, ಸೀರೆಗೆ ಒರೆಸಿಕೊಂಡೆ, ಮತ್ತೆ ಒರೆಸಿಕೊಂಡೆ, ಭರಣಿಯಲ್ಲಿ ಬೆರಳು, ತಣ್ಣಗೆ, ಹಿಟ್ಟಿನಷ್ಟು ನುಣುಪು, ಅವಳು ಮುಖ ಎತ್ತಿ ಕಣ್ಣು ಮುಚ್ಚಿದಳು, ಸ್ನಾನದ ನೀರು ಇನ್ನೂ ಹುಬ್ಬಿನ ಮೇಲಿದೆ, ಹಣೆಯಲ್ಲಿ ಏನೂ ಇಲ್ಲ, ಹುಟ್ಟಿದ ದಿನ ಹೀಗೇ ಇತ್ತು, ಎಷ್ಟು ಅಗಲ, ನಮ್ಮ ಮನೆತನದ ಹಣೆ, ನನ್ನದೂ ಇದೇ. ಹಚ್ಚಿದೆ. ಒತ್ತಿ ಹಚ್ಚಿದೆ. ಸ್ವಲ್ಪ ಸೊಟ್ಟ ಆಯಿತು, ರೂಢಿ ಇಲ್ಲ, ದೊಡ್ಡದೂ ಆಯಿತು, ಬೆರಳು ತೆಗೆಯಲು ಮನಸ್ಸು ಬರಲಿಲ್ಲ, ಅವಳ ಹಣೆ ಬಿಸಿಯಾಗಿತ್ತು. ಅವಳು ಬಗ್ಗಿ ನಮಸ್ಕಾರ ಮಾಡಲು ಹೋದಳು, ಬಗ್ಗಲು ಆಗಲಿಲ್ಲ, ನನ್ನ ಮೊಣಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ಏನು ಆಶೀರ್ವಾದ ಮಾಡಬೇಕು ನನಗೆ ಬಾಯಿಗೇ ಬರಲಿಲ್ಲ, ಜ್ವಾಕಿ, ನೆಲ ಜಾರತದ, ಅಂದೆ.

ಹೋದಳು. ವೈನಿ ಎದುರು ಸಿಕ್ಕಿರಬೇಕು, ಬಾಗಿಲಲ್ಲಿ ವೈನಿಯ ದನಿ ಬಹಳ ಸಣ್ಣಗೆ, ಏನ ಇದು, ದೇವರ ಮನಿಗೆ ಇನ್ನೂ ಹೋಗೇ ಇಲ್ಲ ನೀ, ಉಷಾ ಏನೋ ಅಂದಳು, ಸೀರೆಯ ಸರಬರ, ಉಡಿಸಿದಳು, ಒರೆಸಲಿಲ್ಲ, ಹಚ್ಚಿದ ಕುಂಕುಮ ಒರೆಸಲು ಯಾವ ತಾಯಿಗೂ ಕೈ ಬರುವುದಿಲ್ಲ ಎಂದು ಗೊತ್ತಿತ್ತು ಹುಡುಗಿಗೆ, ಎಷ್ಟು ಕಿಲಾಡಿ ನೋಡು. ನಾನು ಕಟ್ಟಿಗೆ ಎಳೆದು ನೀರು ಚಿಮುಕಿಸಿ ಒಲೆ ಆರಿಸುತ್ತಿದ್ದೇನೆ, ಕರಿಯದು ಬೂದಿಯ ಹತ್ತಿರ ಬಂದಿದೆ, ಹುಂಜ ಯಾರನ್ನೋ ಕರೆಯುತ್ತಿದ್ದಾನೆ, ಒಳಗೆ ಹರಟೆ, ಬಳೆಗಳ ಗಲಗಲ, ಹುಡುಗಿ ಬಂದ್ಲು, ಬಾರವ್ವಾ, ಮಣಿ ಮ್ಯಾಲೆ ಕೂಡು, ಪೂರ್ವಕ್ಕ ಮುಖಾ ಮಾಡು — ಮತ್ತೆ ಹರಟೆ ಒಂದೊಂದಾಗಿ ನಿಂತಿತು, ಈ ಮೂಲೆಯಿಂದ, ಆ ಮೂಲೆಯಿಂದ, ಪೂರಾ ನಿಂತಿತು. ಯಾರು ಹಚ್ಚಿದ್ದು ಕುಂಕುಮಾ, ಕೃಷ್ಣಾಬಾಯಿ. ನಮ್ಮ ಅತ್ಯಾ ಹಚ್ಚ್ಯಾಳ್ರೀ. ಉಷಾಳ ದನಿ ಸ್ವಚ್ಛ, ಹಿತ್ತಿಲವರೆಗೆ. ಆಮೇಲೆ ಬಳೆಯ ಸದ್ದೂ ಇಲ್ಲ.

ನಾನು ಏನು ಮಾಡಿದೆ, ಕೆಂಪು ಹಚ್ಚಿ ಎಲ್ಲರ ನಡುವೆ ಕಳಿಸಿ ಇಲ್ಲಿ ಕೂತೆ, ಬುಧವಾರವೂ ಇದನ್ನೇ ಮಾಡಿದ್ದು, ಹಚ್ಚಿದ್ದು ತಪ್ಪಲ್ಲ, ಹಚ್ಚಿ ಬಿಟ್ಟು ಹೋದದ್ದು ತಪ್ಪು, ಕೈಗೆ ಸಿಕ್ಕ ಕಟ್ಟಿಗೆ ಬಿಸಾಡಿ ಎದ್ದೆ, ಅಮ್ಮಾರ, ಅಂದಳು ಜಯಮ್ಮ, ಹೋಗ್ರಿ ಅಂದಳೋ ಬ್ಯಾಡ್ರಿ ಅಂದಳೋ ಕೇಳಿಸಲಿಲ್ಲ, ಕಾಲು ತೊಳೆಯಲಿಲ್ಲ, ಹೊಸ್ತಿಲು ದಾಟಿದೆ, ಅಡಿಗೆ ಮನೆ, ನಡುಮನೆ, ಬಾಗಿಲಲ್ಲಿ ವೈನಿ ಆರತಿ ತಟ್ಟೆ ಹಿಡಿದು ನಿಂತಿದ್ದಾಳೆ, ದಾರಿ ಬಿಡು ವೈನಿ, ಬಿಟ್ಟಳು, ಯಾಕೆ ಬಿಟ್ಟಳೋ, ಜಮಖಾನೆಯ ಮೇಲೆ ಇಪ್ಪತ್ತು ಮುಖ, ಎಲ್ಲವೂ ನನ್ನ ಕಡೆ, ಕೃಷ್ಣಾಬಾಯಿಯ ಬಾಯಿ ಏನೋ ಹೇಳಲು ತೆರೆದಿದೆ, ಹೇಳಲಿ, ನಾನು ಇಲ್ಲೇ ನಿಲ್ಲುತ್ತೇನೆ, ಉಷಾಳ ಪಕ್ಕದಲ್ಲಿ, ನನ್ನ ಹಣೆ ಎಲ್ಲರಿಗೂ ಕಾಣಲಿ, ಬರುವುದಿದ್ದರೆ ನನ್ನ ಮೇಲೆ ಬರಲಿ — ಉಷಾ ಮಣೆಯ ಮೇಲೆ, ಹಸಿರು ಸೀರೆ, ಹಸಿ ಕೂದಲು, ತಲೆ ತಗ್ಗಿಸಿಲ್ಲ, ಬೈತಲೆಯಿಂದ ಒಂದು ಹನಿ ಇಳಿದು ಕುಂಕುಮಕ್ಕೆ ತಾಗಿದೆ, ಕೆಂಪು ಕರಗಿ ಒಂದು ಎಳೆ ಮೂಗಿನ ಕಡೆ ಇಳಿಯುತ್ತಿದೆ, ಯಾರಾದರೂ ಒರೆಸಬೇಕು, ಇಪ್ಪತ್ತು ಜನ ಇದ್ದಾರೆ, ಯಾರ ಕೈಯೂ ಏಳುತ್ತಿಲ್ಲ, ನನ್ನ ಸೆರಗು ಮಸಿ, ಸೆರಗಿನ ತುದಿ ಸುತ್ತಿದ ನನ್ನ ಬೆರಳು ಅವಳ ಮುಖದ ಕಡೆ ಏಳುತ್ತಿದೆ, ಆ ಕೆಂಪು ಎಳೆ, ಇಳಿಯುತ್ತಿದೆ, ಆ ಎಳೆ, ಕೆಂಪು, ಆ ಎಳೆ —